ಸುಳ್ಳು ಬೇನೆಯೂ ನಿಜವಾದ ಹೆರಿಗೆ ಬೇನೆಯೂ

ದಿನ ತುಂಬುತ್ತಾ ಬಂದ ಗರ್ಭಿಣಿಯಿರುವ ಮನೆಯಲ್ಲಿ ಎರಡು ವಿಧವಾದ ತಪ್ಪುಗಳು ನಡೆಯುವದುಂಟು. ಹೊಟ್ಟೆ ಒಮ್ಮೆ ಬಿಗಿದ ಕೂಡಲೇ ಗಾಬರಿಪಟ್ಟು ನೆರೆಹೊರೆಯನ್ನೆಲ್ಲಾ ಎಬ್ಬಿಸುವದು ಒಂದು. ನಿಜವಾದ ಬೇನೆ ಬಂದಾಗಲೂ, "ಇದು ಸುಳ್ಳು ಬೇನೆ, ಸುಮ್ಮನೆ ಮಲಗು" ಎಂದು ಹೊತ್ತು ಕಳೆಯುವದು ಇನ್ನೊಂದು. ಮೊದಲನೆಯದರಿಂದ ಒಂದು ರಾತ್ರಿಯ ನಿದ್ರೆ ಕೆಡುವದು. ಎರಡನೆಯದರಿಂದ ಎರಡು ಜೀವಗಳಿಗೆ ಅಪಾಯ ಬರಬಹುದು. ಆದದರಿಂದ ಈ ಎರಡು ಬೇನೆಗಳ ಭೇದವನ್ನು ತಿಳುಕೊಳ್ಳುವದು ಅವಶ್ಯ.

ಸುಳ್ಳು ಬೇನೆ ಎಂದರೇನು? ಗರ್ಭಕೋಶವು ಬಲವಾದ ಸ್ನಾಯುವಿನಿಂದಾದದ್ದು. ಹೆರಿಗೆಗೆ ಬಹು ದಿನಗಳ ಮುಂಚೆಯೇ ಅದು ಆಗಾಗ್ಗೆ ಬಿಗಿದು ಸಡಿಲುತ್ತದೆ. 1872ರಲ್ಲಿ ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲೆಂಡಿನ ವೈದ್ಯನು ಇದನ್ನು ವಿವರಿಸಿ ಬರೆದದರಿಂದ ವೈದ್ಯರು ಇದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಇದು ರೋಗವಲ್ಲ. ಹೆಸರು ಸುಳ್ಳು ಬೇನೆಯಾದರೂ ಅದನ್ನು ಅನುಭವಿಸುವವಳು ಸುಳ್ಳು ಹೇಳುವವಳಲ್ಲ. ಯಾರೂ ಅವಳನ್ನು ಹಾಸ್ಯಮಾಡಬಾರದು.

ಭೇದವನ್ನು ನಾಲ್ಕು ಗುರುತುಗಳಿಂದ ತಿಳಿಯಬಹುದು.

ಒಂದನೆಯದು, ಕಾಲ. ಒಂದು ಬೇನೆಯ ಆರಂಭದಿಂದ ಮುಂದಿನ ಬೇನೆಯ ಆರಂಭದ ವರೆಗೆ ಎಷ್ಟು ನಿಮಿಷವೆಂದು ಗಡಿಯಾರದಲ್ಲಾಗಲಿ ಮೊಬೈಲಿನಲ್ಲಾಗಲಿ ನೋಡಿ ಬರೆದಿಡಿರಿ. ಸುಳ್ಳು ಬೇನೆಗೆ ಕ್ರಮವಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು, ಆಮೇಲೆ ಅರ್ಧ ತಾಸು ಬಾರದಿರಬಹುದು. ನಿಜವಾದ ಬೇನೆಯು ಕ್ರಮವಾಗಿ ಬಂದು, ನಡುವಣ ಬಿಡುವು ಕಡಿಮೆಯಾಗುತ್ತಾ, ಪ್ರತಿಯೊಂದು ಬೇನೆಯೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಎರಡನೆಯದು, ಉಪಶಮನ. ಮೂತ್ರ ಮಾಡಿ, ಒಂದೆರಡು ಲೋಟ ನೀರು ಕುಡಿದು, ಎಡಮಗ್ಗುಲಿಗೆ ಮಲಗಬೇಕು. ಮಲಗಿದ್ದವಳು ಎದ್ದು ಸ್ವಲ್ಪ ನಡೆಯಬೇಕು. ಸುಳ್ಳು ಬೇನೆ ಸಾಮಾನ್ಯವಾಗಿ ತಗ್ಗುವದು. ನಿಜವಾದದ್ದು ಏನು ಮಾಡಿದರೂ ಬಿಡದೆ ಬಲವಾಗುವದು.

ಮೂರನೆಯದು, ಸ್ಥಳ. ಸುಳ್ಳು ಬೇನೆ ಹೆಚ್ಚಾಗಿ ಹೊಟ್ಟೆಯ ಮುಂಭಾಗದಲ್ಲಿಯೇ ಇರುವದು. ನಿಜವಾದದ್ದು ಅನೇಕ ವೇಳೆ ಸೊಂಟದಲ್ಲಿ ಹುಟ್ಟಿ ಮುಂದಕ್ಕೆ ಸುತ್ತಿ ಬರುವದು.

ನಾಲ್ಕನೆಯದು, ಇತರ ಚಿಹ್ನೆಗಳು. ನಸುಗೆಂಪಾದ ಲೋಳೆ ಕಾಣಿಸಿದರೆ ಹೆರಿಗೆಯು ಸಮೀಪಿಸಿತೆಂದು ತಿಳಿಯಬೇಕು. ಆದಾಗ್ಯೂ ಗರ್ಭಕೋಶದ ಬಾಯಿ ತೆರೆಯುತ್ತಿದೆಯೋ ಇಲ್ಲವೋ ಎಂಬದನ್ನು ವೈದ್ಯರು ಅಥವಾ ತರಬೇತಾದ ದಾದಿಯರು ಪರೀಕ್ಷಿಸಿಯೇ ನಿಶ್ಚಯವಾಗಿ ಹೇಳಬಲ್ಲರು.

ಮೊದಲ ಹೆರಿಗೆಯವಳಿಗೆ ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ ನಿಲ್ಲುವ ಬೇನೆ, ಒಂದು ತಾಸಿನ ವರೆಗೆ ಬಂದರೆ ಆಸ್ಪತ್ರೆಗೆ ಹೊರಡಬೇಕೆಂಬದು ಪಟ್ಟಣದವರ ಸಾಧಾರಣ ನಿಯಮ. ಹಳ್ಳಿಯವರು ಇಷ್ಟು ಕಾಯಬಾರದು. ಯಾಕಂದರೆ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು. ಎರಡನೆಯ ಮತ್ತು ಮುಂದಿನ ಹೆರಿಗೆಗಳು ಸಾಮಾನ್ಯವಾಗಿ ಬೇಗನೆ ಆಗುವದರಿಂದ ಅಂಥವರು ಇನ್ನೂ ಮುಂಚೆ ಹೊರಡಬೇಕು.

ಕೆಲವು ಸಂಗತಿಗಳಲ್ಲಿ ಬೇನೆಯನ್ನು ಎಣಿಸುತ್ತಾ ಕೂತಿರಲೇಬಾರದು. ನೀರೊಡೆದರೆ, ವಿಶೇಷವಾಗಿ ನೀರು ಹಸುರಾಗಿದ್ದರೆ. ಲೋಳೆಯಲ್ಲದೆ ರಕ್ತವೇ ಹೋದರೆ. ಕೂಸಿನ ಅಲುಗಾಟ ಕಡಿಮೆಯಾದರೆ. ಹೊಟ್ಟೆ ಸಡಿಲವಾಗದೆ ಒಂದೇ ಸಮನೆ ನೋಯುತ್ತಿದ್ದರೆ. ಕಠಿಣ ತಲೆನೋವು, ಕಣ್ಣು ಮಬ್ಬು, ಫಿಟ್ಸು, ಜ್ವರ ಇವುಗಳಲ್ಲಿ ಯಾವದಾದರೂ ಇದ್ದರೆ. 37 ವಾರ ತುಂಬುವ ಮುಂಚೆಯೇ ಬೇನೆ ಕ್ರಮವಾಗಿ ಬಂದರೆ. ಹಿಂದಿನ ಕೂಸನ್ನು ಆಪರೇಷನ್ ಮಾಡಿ ತೆಗೆದಿದ್ದು ಈಗ ಬೇನೆ ಆರಂಭವಾದರೆ, ಆ ಗಳಿಗೆಯೇ ಹೊರಡಬೇಕು. ಬೇನೆ ಹೆಚ್ಚಲೆಂದು ಮನೆಯಲ್ಲಿ ಸೂಜಿಮದ್ದು ಹಾಕಿಸುವದು ಬಹು ಅಪಾಯಕರ. ಅದರಿಂದ ಗರ್ಭಕೋಶವೇ ಹರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು.

ಬೆಂಗಳೂರಿನ ಸುತ್ತಣ ಹಳ್ಳಿಯವರು ಚಾಮರಾಜಪೇಟೆಗೆ ಹತ್ತಿರ, ಕೋಟೆಯ ಬಳಿಯಲ್ಲಿರುವ ವಾಣಿವಿಲಾಸ ಆಸ್ಪತ್ರೆಯನ್ನು ಬಲ್ಲರು. ಮೈಸೂರಿನ ಮಹಾರಾಣಿಯ ಹೆಸರನ್ನು ಹೊತ್ತು 1935ರಲ್ಲಿ ತೆರೆದ ಈ ಆಸ್ಪತ್ರೆಯು ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಇರುವಂಥದ್ದು. ಕಲಾಸಿಪಾಳ್ಯದಲ್ಲಾಗಲಿ ಮಾರ್ಕೆಟ್ಟಿನಲ್ಲಾಗಲಿ ಬಸ್ಸಿಳಿದವರಿಗೆ ದೂರವಿಲ್ಲ. ಆದರೆ ಬೇನೆ ಬಂದವಳನ್ನು ಬಸ್ಸಿನಲ್ಲಿ ಕರೆತರಬೇಡಿರಿ. 2008ರಿಂದ ನಮ್ಮ ರಾಜ್ಯದಲ್ಲಿ 108 ಎಂಬ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸು ಬರುವ ಏರ್ಪಾಡುಂಟು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಹಣ ಕೊಡಬೇಕಾಗಿಲ್ಲವೆಂದು 2011ರಲ್ಲಿ ನಿಯಮವಾಯಿತು. ತಾಯಿ ಕಾರ್ಡು, ಬಟ್ಟೆಗಳು, ಸ್ವಲ್ಪ ಹಣ ಇವುಗಳನ್ನು ಎಂಟನೆಯ ತಿಂಗಳಲ್ಲಿಯೇ ಒಂದು ಚೀಲದಲ್ಲಿ ಕಟ್ಟಿಡಬೇಕು.

ಕಡೆಯದಾಗಿ ಒಂದು ಮಾತು. ಆಸ್ಪತ್ರೆಗೆ ಹೋದವಳನ್ನು, "ಇನ್ನೂ ಹೊತ್ತಿದೆ, ಮನೆಗೆ ಹೋಗಮ್ಮಾ" ಎಂದು ಹಿಂದಕ್ಕೆ ಕಳುಹಿಸುವದುಂಟು. ಅತ್ತೆಯರೇ, ಗಂಡಂದಿರೇ, ಆ ದಿನ ಅವಳಿಗೆ ಬಂಡಿಯ ಖರ್ಚನ್ನು ಎತ್ತಿ ಆಡಬೇಡಿರಿ. ಆಡಿದರೆ, ಮುಂದಿನ ಸಾರಿ ನಿಜವಾದ ಬೇನೆ ಬಂದಾಗ ಅವಳು ನಾಚಿ, ಹಲ್ಲು ಕಚ್ಚಿ, ಸುಮ್ಮನಿರುವಳು. ಎರಡು ಸಾರಿ ವ್ಯರ್ಥವಾಗಿ ಹೋಗಿ ಬರುವದು ಒಂದು ಸಾರಿ ತಡವಾಗಿ ಹೋಗುವದಕ್ಕಿಂತ ಎಷ್ಟೋ ಮೇಲು.

ಸ್ತ್ರೀಯರ ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು: 1. ಬೇನೆಯ ಕಾಲವನ್ನು ಎಲ್ಲಿಂದ ಎಲ್ಲಿಯ ವರೆಗೆ ಎಣಿಸಬೇಕು? 2. ಎಣಿಸದೆ ಕೂಡಲೇ ಹೊರಡಬೇಕಾದ ಸಂಗತಿಗಳು ಯಾವವು? 3. ನಿಮ್ಮ ಊರಿನಿಂದ ಹತ್ತಿರದ ಹೆರಿಗೆ ಆಸ್ಪತ್ರೆಗೆ ರಾತ್ರಿಯಲ್ಲಿ ಎಷ್ಟು ಹೊತ್ತಿನ ದಾರಿ?