ಹ್ಯೂಯಿಯ ಹಸಿರು ಗಾಜಿಗೆ ಕೈಹಾಕುವ ಮೊದಲು

ಹ್ಯೂಯಿ ಹೆಲಿಕಾಪ್ಟರಿನ ಕಿಟ್ ತಂದಿದ್ದೀಯಂತೆ, ಗಾಜಿಗೆ ಬಣ್ಣ ಏರಿಸೋದು ಹೇಗೆ ಅಂತ ಕೇಳಿದ್ದೀಯ. ಹಚ್ಚಿ ಕೆಡಿಸಿಕೊಂಡು ಆಮೇಲೆ ಕೇಳುವವರೇ ಜಾಸ್ತಿ, ನೀನು ಮೊದಲೇ ಕೇಳಿದ್ದು ಒಳ್ಳೇದಾಯಿತು. ಯುದ್ಧವಿಮಾನದ ಮಾಡೆಲ್ಲಿನಲ್ಲಿ ಗಾಜು ಒಂದು ಮೂಲೆಯಲ್ಲಿರುತ್ತದೆ. ಹೆಲಿಕಾಪ್ಟರಿನ ಮುಖವೇ ಗಾಜು. ಅಲ್ಲಿ ಕೆಟ್ಟರೆ ಮುಚ್ಚಿಡಲು ಜಾಗವಿಲ್ಲ.

• ಯಾವ ಗಾಜಿಗೆ ಬಣ್ಣ ಅನ್ನೋದು ಮೊದಲು ತಿಳಿದುಕೋ. ಬೆಲ್ ಕಂಪನಿಯ ಯುಎಚ್-1 ಹ್ಯೂಯಿ 1956ರಲ್ಲಿ ಮೊದಲು ಹಾರಿದ್ದು. ಅದರಲ್ಲಿ ಹಸಿರು ಇರೋದು ಪೈಲಟ್ ಮತ್ತು ಸಹಪೈಲಟ್ಟರ ನೆತ್ತಿಯ ಮೇಲಿನ ಎರಡು ಚಾವಣಿ ಗಾಜುಗಳಿಗೆ, ಮೇಲಿಂದ ಸುಡುವ ಬಿಸಿಲಿಗೆ ತಡೆಯಾಗಿ. ಎದುರಿನ ಗಾಜು, ಕಾಲಡಿಯ ಗಾಜು, ಬಾಗಿಲ ಗಾಜು ಇವೆಲ್ಲ ತಿಳಿಯಾಗಿಯೇ ಇರಲಿ. ಚೆಂದ ಕಾಣುತ್ತದೆ ಅಂತ ಎಲ್ಲದಕ್ಕೂ ಹಸಿರು ಬಳಿದರೆ ಅದು ಆಟಿಕೆ.

• ಫೋಟೋ ನೋಡಿ ಮೋಸಹೋಗಬೇಡ. ಆಕಾಶ ಪ್ರತಿಫಲಿಸಿದರೆ ಬಣ್ಣವಿಲ್ಲದ ಗಾಜೂ ನೀಲಿ ಕಾಣುತ್ತದೆ. ಇನ್ನು ಹ್ಯೂಯಿಯನ್ನು ಮೇಲಿಂದ ತೆಗೆದ ಫೋಟೋದಲ್ಲಿ ಚಾವಣಿ ಗಾಜು ಕಡುಹಸಿರು, ಒಮ್ಮೊಮ್ಮೆ ಕಪ್ಪೇ ಅನ್ನಿಸುತ್ತದೆ. ಆ ಕಪ್ಪು ಗಾಜಿನದಲ್ಲ, ಕೆಳಗಿರುವ ಕತ್ತಲೆ ಕ್ಯಾಬಿನ್ನಿನದು. ಆದ್ದರಿಂದ ಬಣ್ಣ ಸಾಕೇ ಸಾಲದೇ ಅಂತ ಬಿಳಿ ಹಾಳೆಯ ಮೇಲಿಟ್ಟು ತೀರ್ಮಾನಿಸಬೇಡ. ಬಣ್ಣ ಹೊಡೆದು ಮುಗಿಸಿದ ಕ್ಯಾಬಿನ್ ಮೇಲೆ ಸುಮ್ಮನೆ ಇಟ್ಟು ನೋಡು.

• ಬೇರೆ ಹೆಲಿಕಾಪ್ಟರಿಗೂ ಇದೇ ಮಾತು. ಫ್ರಾನ್ಸಿನ ಅಲೂಯೆಟ್-3 ಕಿಟ್ ಹಿಡಿದು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೇತಕ್ ಮಾಡಲು ಹೊರಟರೆ, ಚೇತಕ್ಕಿನ ಫೋಟೋವನ್ನೇ ಹುಡುಕು. ಅದೂ ಒಂದೆರಡು ಕೋನದಿಂದ.

• ಗಾಜಿನ ಬಿಡಿಭಾಗವನ್ನು ಅದು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ, ಅಂದರೆ ಸ್ಪ್ರೂವಿನಿಂದ, ತಿರುಚಿ ಕೀಳಬೇಡ. ತಿಳಿ ಪ್ಲಾಸ್ಟಿಕ್ ಬಿರುಸು, ಚಟ್ಟನೆ ಸೀಳುತ್ತದೆ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ತುಂಡನ್ನೇ ಸದ್ಯಕ್ಕೆ ಹಿಡಿಕೆ ಮಾಡಿಕೋ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ತೊಳೆದು ಒಣಗಿಸು. ಬೆರಳ ಜಿಡ್ಡು ಇದ್ದಲ್ಲಿ ಬಣ್ಣ ಕೂರುವುದಿಲ್ಲ.

• ಗೀರು ಇದ್ದರೆ ಬಣ್ಣಕ್ಕೆ ಮೊದಲೇ ತೆಗೆ: 2000, 3000 ನಂಬರಿನ ಉಜ್ಜುಕಾಗದ, ನೀರು, ಆಮೇಲೆ ಪಾಲಿಶ್. ಬಣ್ಣ ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

• ಬಣ್ಣದ ವಿಷಯ. ತಮಿಯಾ ಕಂಪನಿಯ ಎಕ್ಸ್-25 ಕ್ಲಿಯರ್ ಗ್ರೀನ್ ಹಾಗೆಯೇ ಹಚ್ಚಿದರೆ ಪೆಪ್ಪರ್‌ಮಿಂಟಿನ ಬಣ್ಣ. ಅದನ್ನು ಎಕ್ಸ್-22 ಕ್ಲಿಯರ್‌ನಲ್ಲಿ ಚೆನ್ನಾಗಿ ತಿಳಿಯಾಗಿಸು, ಎಕ್ಸ್-23 ಕ್ಲಿಯರ್ ಬ್ಲೂ ಚೂರು ಸೇರಿಸು, ಎಕ್ಸ್-19 ಸ್ಮೋಕ್ ಒಂದು ಹನಿ ಹಾಕು. ಮಿಠಾಯಿ ಹೊಳಪು ಸಾಯಬೇಕು, ಗಾಜಿನ ಹೊಳಪು ಉಳಿಯಬೇಕು. ಇವಕ್ಕೆ ಎಕ್ಸ್-20ಎ ಥಿನ್ನರ್ ಸಾಕು. ಲ್ಯಾಕರ್ ಥಿನ್ನರ್ ಬೇಡ, ತಿಳಿ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಬಿಡಿಸೀತು. ನೇಲ್ ಪಾಲಿಶ್ ರಿಮೂವರ್ ಬಾಟಲಿಯನ್ನಂತೂ ಮೇಜಿನಿಂದಲೇ ದೂರ ಇಡು.

• ಏರ್‌ಬ್ರಷ್ ಇದ್ದರೆ ಒಳಮೈಗೆ ಹೊಡೆ. ಹೊರಮೈಯ ನುಣುಪು ಹಾಗೇ ಉಳಿಯುತ್ತದೆ, ಆಮೇಲೆ ಹೊರಗೆ ಟೇಪ್ ಅಂಟಿಸಿ ಕಿತ್ತರೂ ಬಣ್ಣಕ್ಕೆ ಪೆಟ್ಟಿಲ್ಲ. ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯವರು, ತೇವ ಹೆಚ್ಚಿದ ದಿನ ಹೊಡೆಯಬೇಡಿ, ಪದರ ಮಂಜುಗಟ್ಟಬಹುದು.

• ಕುಂಚದಿಂದ ಹಚ್ಚಬೇಡ. ಎಳೆ ಎಳೆಗೆ ಕೂಡುವಲ್ಲೆಲ್ಲ ಬಣ್ಣ ಇಮ್ಮಡಿಯಾಗಿ ಪಟ್ಟೆ ಬೀಳುತ್ತದೆ. ಮಾರ್ಕರ್ ಪೆನ್ನಿನದೂ ಇದೇ ಹಾಡು.

• ಏರ್‌ಬ್ರಷ್ ಇಲ್ಲವೇ? ಅದ್ದು. ನೀರಿನಲ್ಲಿ ಕರಗುವ, ಹೊಳಪಿನ ಅಕ್ರಿಲಿಕ್ ವಾರ್ನಿಷ್‌ಗೆ ಅಡುಗೆಮನೆಯ ಫುಡ್ ಕಲರ್ ಕೆಲವು ಹನಿ ಬೆರೆಸು. ಅದ್ದಿದಾಗ ಎರಡೂ ಮೈಗೆ ಬಣ್ಣ ಹತ್ತುತ್ತದೆ ಅನ್ನೋದು ನೆನಪಿರಲಿ, ಬೇಕಾದದ್ದರ ಅರ್ಧದಷ್ಟೇ ಗಾಢ ಇಟ್ಟುಕೋ. ಆ ಹಿಡಿಕೆ ತುಂಡು ಹಿಡಿದು ನಿಧಾನ ಇಳಿಸಿ, ಅದಕ್ಕಿಂತ ನಿಧಾನ ಎತ್ತು. ಕೆಳತುದಿಯಲ್ಲಿ ಒಂದು ಹನಿ ಜೋತುಬೀಳುತ್ತದೆ. ಆ ತುದಿಯನ್ನು ಟಿಶ್ಯೂ ಕಾಗದಕ್ಕೆ ಮುಟ್ಟಿಸು, ಕಾಗದವೇ ಹೀರಿಕೊಳ್ಳುತ್ತದೆ. ಬಿಟ್ಟೆಯೋ, ಅಂಚಿನುದ್ದಕ್ಕೂ ಕಪ್ಪು ಗೆರೆ. ಆಮೇಲೆ ಡಬ್ಬಿಯೊಂದನ್ನು ಬೋರಲು ಹಾಕಿ ರಾತ್ರಿಯಿಡೀ ಬಿಡು, ಧೂಳು ಕೂರದಿರಲಿ.

• ಬಣ್ಣದ ಜಿಲೆಟಿನ್ ಕಾಗದ ಚಪ್ಪಟೆ ಗಾಜಿಗಾದರೆ ನಡೆಯುತ್ತದೆ. ಬಾಗಿದ್ದಕ್ಕೆ ಸುಕ್ಕು.

• ಏನೇ ಮಾಡು, ಮೊದಲು ಕಿಟ್ಟಿನಲ್ಲಿ ಉಳಿಯುವ ಗಾಜಿನ ಚೂರಿನ ಮೇಲೆ ಮಾಡು. ಹ್ಯೂಯಿ ಕಿಟ್ಟುಗಳಲ್ಲಿ ಬಳಸದ ಭಾಗ ಒಂದೋ ಎರಡೋ ಸಾಮಾನ್ಯವಾಗಿ ಸಿಗುತ್ತದೆ.

• ಕೂರಿಸುವಾಗ ಫೆವಿಕ್ವಿಕ್ ಥರದ ಅಂಟು ಮುಟ್ಟಬೇಡ. ಅದರ ಆವಿಗೇ ಗಾಜಿನ ಮೇಲೆ ಬಿಳಿ ಮಸುಕು ಹತ್ತುತ್ತದೆ, ಒಳಗೆ ಹತ್ತಿದರೆ ಒರೆಸಲು ಬೆರಳು ಹೋಗದು. ಫೆವಿಕಾಲ್ ಸಾಕು. ಹಲ್ಲುಕಡ್ಡಿಯ ತುದಿಯಲ್ಲಿ ಅಂಚಿಗೆ ತಾಗಿಸು. ಒಣಗಿದರೆ ತಿಳಿಯಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮೊದಲು ಕ್ಯಾಬಿನ್ನಿನೊಳಗೆ ಧೂಳು, ಪುಡಿ ಇದೆಯೇ ಅಂತ ಇನ್ನೊಮ್ಮೆ ಊದಿ ನೋಡು.

• ಕಿಟಕಿ ಚೌಕಟ್ಟಿಗೆ ಮೊದಲು ಕ್ಯಾಬಿನ್ ಒಳಗಿನ ಬಣ್ಣ ಹೊಡೆದು, ಅದರ ಮೇಲೆ ಮೈಬಣ್ಣ. ಚೌಕಟ್ಟು ತಿಳಿ ಪ್ಲಾಸ್ಟಿಕ್ಕಿನದೇ ತಾನೇ, ಒಳಗಿನಿಂದ ಕಾಣುವುದು ಮೊದಲ ಪದರ.

• ಎರಡು ಛಾಯೆಗಳ ನಡುವೆ ಅನುಮಾನ ಬಂದರೆ ತಿಳಿಯಾದದ್ದನ್ನೇ ಆರಿಸು. ಇನ್ನೊಂದು ಪದರ ಏರಿಸಬಹುದು, ಇಳಿಸೋದು ಕಷ್ಟ.

• ಫುಡ್ ಕಲರ್ ಬಳಸಿದ್ದರೆ ಮಾಡೆಲ್ಲನ್ನು ಬಿಸಿಲು ಬೀಳುವ ಕಪಾಟಿನಲ್ಲಿ ಇಡಬೇಡ. ಆ ಬಣ್ಣ ಬಿಸಿಲಿಗೆ ಮಾಸುತ್ತದೆ.