ಶಿಬಿರಕ್ಕೆ ಹೊರಟ ಪರಿಸರ ಮೇಷ್ಟ್ರಿಗೆ

ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಪ್ರಕೃತಿ ತೋರಿಸಲು ಹೊರಟಿದ್ದೀರಾ? ಹುಲಿ, ಆನೆಗಳ ಸ್ಲೈಡುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಏಪ್ರಿಲ್ ಬಿಸಿಲೇರಿದರೆ ಹಕ್ಕಿಗಳು ನೆರಳು ಸೇರಿಬಿಡುತ್ತವೆ. ಅವನ್ನು ಬೆಳ್ಳಂಬೆಳಗ್ಗೆಯೇ ತೋರಿಸಿ ಮುಗಿಸಿ. ಆಮೇಲೆ ಮಾವಿನ ಮರದಲ್ಲಿ ಚಗಳಿ ಇರುವೆಯ ಗೂಡೊಂದು ಸಿಕ್ಕರೆ ಸಾಕು. ಒಂದಷ್ಟು ಇರುವೆಗಳು ಹಸಿರೆಲೆಗಳ ಅಂಚನ್ನು ಎಳೆದು ಹಿಡಿದಿರುತ್ತವೆ. ಇನ್ನು ಕೆಲವು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿಕೊಂಡು, ಅವು ಹೊರಬಿಡುವ ರೇಷ್ಮೆಯೆಳೆಯಿಂದ ಎಲೆಗಳನ್ನು ಹೊಲಿಯುತ್ತವೆ. ಎರಡಡಿ ದೂರ ನಿಲ್ಲಿಸಿ, ಕಚ್ಚಿದರೆ ಚುರುಕ್ಕೆನ್ನುತ್ತದೆ. ಹೆಸರು ಮೊದಲೇ ಹೇಳಬೇಡಿ. ‘ಅವೇನು ಮಾಡ್ತಿವೆ, ನೋಡ್ರೋ’ ಎಂದು ಸುಮ್ಮನಾಗಿ. (ಮಾತಾಡಿ ರೂಢಿಯಾದ ನಮಗೆ ಇದೇ ಕಷ್ಟ.) ಗುಂಪಿನಲ್ಲಿ ಮಲೆನಾಡಿನ ಮಗುವಿದ್ದರೆ ಚಗಳಿ ಚಟ್ನಿಯ ಹುಳಿ ಅದೇ ಹೇಳೀತು; ಹೇಳಲು ಬಿಡಿ. ಟೋಪಿ, ನೀರಿನ ಬಾಟಲಿ ಮಾತ್ರ ಯಾರಿಗೂ ಮರೆಯದಿರಲಿ.