ಹರಿಗೋಲಿಗೆ ಡಾಂಬರು ಹಚ್ಚುವ ಮೊದಲು



ಹಾನಗಲ್ಲ ಕಡೆಯ ವರದಾ ಹೊಳೆ, ಹಿರೇಕೆರೂರ ಕಡೆಯ ಮದಗದ ಕೆರೆ, ಎಲ್ಲಿಯೇ ಆಗಲಿ ಬಿದಿರಿನ ಹರಿಗೋಲಿನಿಂದ ಮೀನು ಹಿಡಿಯುವ ಮನೆಗೆ ಅದೇ ಆಧಾರ. ಸಂಘದ ಸಾಲದಿಂದ ಡಾಂಬರು ತರುತ್ತೇವೆ. ಆದರೆ ದುಡಿಮೆ ನಿಲ್ತದೆ ಅಂತ ಅವಸರ ಮಾಡಿ, ಹಸಿ ತಳಕ್ಕೇ ಹಚ್ಚಿಬಿಡ್ತೇವೆ. ಅದು ಹಿಡಿಯೂದಿಲ್ಲ, ಪದರ ಪದರವಾಗಿ ಏಳ್ತದೆ. ಡಾಂಬರು ಹೋಗಿ ಸಾಲ ಉಳೀತದೆ. ನಡುನೀರಿನಲ್ಲಿ ಸೋರಿದರೆ ಜೀವಕ್ಕೇ ಅಪಾಯ.

ಹಚ್ಚುವ ಮೊದಲು ಹೀಗೆ ಮಾಡ್ರಿ:

1. ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿರಿ. ಕೆಸರು, ಪಾಚಿ ಒಣಗಿ ಗಟ್ಟಿಯಾಗುವ ಮೊದಲೇ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ.

2. ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿರಿ. ನೀರಿನ ಪಸೆ ಇದ್ದರೆ ಕಾದ ಡಾಂಬರು ನೊರೆ ಎದ್ದು ಸಿಡೀತದೆ.

3. ಸಡಿಲಾದ ಹಳೇ ಡಾಂಬರನ್ನಷ್ಟೇ ಕೆರೆದು ತೆಗೆಯಿರಿ. ಗಟ್ಟಿ ಹಿಡಿದದ್ದನ್ನು ಕೀಳಬೇಡ್ರಿ, ಹೊದಿಕೆ ಹರೀತದೆ.

4. ಮುರಿದ ಬಿದಿರಿನ ಸೀಳು ಬದಲಿಸಿರಿ. ಬೆಳಕಿಗೆ ಹಿಡಿದು ತೂತು ಹುಡುಕಿ ತೇಪೆ ಹಾಕಿರಿ. ಕೊನೆಗೆ ಧೂಳು ಒರೆಸಿರಿ.

ಎಚ್ಚರಿಕೆ: ಡಾಂಬರು ಕಾಯಿಸುವಲ್ಲಿ ಮಕ್ಕಳನ್ನು ಬಿಡಬೇಡ್ರಿ. ಮೈಗೆ ಸಿಡಿದರೆ ಕಿತ್ತು ತೆಗೆಯದೆ, 20 ನಿಮಿಷ ತಣ್ಣೀರು ಸುರಿದು ಆಸ್ಪತ್ರೆಗೆ ಹೋಗ್ರಿ.

ಸಭೆಯಲ್ಲಿ ಚರ್ಚಿಸಿರಿ: ಹರಿಗೋಲು ರಿಪೇರಿಗೆ ಸಾಲ ಕೊಡುವಾಗ ಡಾಂಬರಿನ ಹಣ ಮಾತ್ರ ಲೆಕ್ಕ ಹಿಡಿಯುತ್ತೇವೆಯೇ? ಅದು ಒಣಗುವ ಮೂರು ದಿನ ಆ ಮನೆಯ ಒಲೆ ಹೇಗೆ ಉರಿಯಬೇಕು?